ದೊಡ್ಡಮ್ಮನ ಅರ್ಧ ಕೋರ್ಸು

ರೋಗಾಣುಗಳಿಗೆ ಮತದಾನದ ಹಕ್ಕು ಇದ್ದಿದ್ದರೆ ನನ್ನ ದೊಡ್ಡಮ್ಮ ಇಷ್ಟು ಹೊತ್ತಿಗೆ ಮೀಂಜ ಪಂಚಾಯತಿನ ಅಧ್ಯಕ್ಷೆಯಾಗಿರುತ್ತಿದ್ದರು, ಅದೂ ಭಾರೀ ಬಹುಮತದಿಂದ! ಅಷ್ಟು ಉಪಕಾರ ಮಾಡಿದ್ದಾರೆ ಅವುಗಳಿಗೆ.

ಡಾಕ್ಟರು ಐದು ದಿನಕ್ಕೆ ಆಂಟಿಬಯೋಟಿಕ್ ಬರೆದರೆ ದೊಡ್ಡಮ್ಮ ನುಂಗುವುದು ಎರಡೇ ದಿನ. ಜ್ವರ ಬಿಟ್ಟಿತೋ, ಉಳಿದ ಮಾತ್ರೆಗಳು ಅಡುಗೆಮನೆಯ ಡಬ್ಬಿಗೆ. ಅಲ್ಲಿಂದ ಊರಿಗೆಲ್ಲ ವಿತರಣೆ. ನೆರೆಮನೆಯವರ ಹಲ್ಲುನೋವಿಗೆ ಒಂದು, ಪೋಸ್ಟ್‌ಮ್ಯಾನ್ ಕೆಮ್ಮಿದರೆ ಎರಡು. ಒಮ್ಮೆ ಯಾರದೋ ದನದ ಕೆಚ್ಚಲು ಬಾತದ್ದಕ್ಕೂ ಹಿಂಡಿಯಲ್ಲಿ ಪುಡಿಮಾಡಿ ಹಾಕಿಸಿದರು. ದನ ತನ್ನಷ್ಟಕ್ಕೆ ಗುಣವಾಯಿತು. ಅದರ ಯಜಮಾನರು ಇವತ್ತಿಗೂ ಲ್ಯಾಬಿನಲ್ಲಿ ಕೆಲಸ ಮಾಡುವ ನನಗಿಂತ ದೊಡ್ಡಮ್ಮನನ್ನೇ ನಂಬುತ್ತಾರೆ.

ನಾನು ಹೇಳಿ ನೋಡಿದೆ. "ಕಡ್ಡಿಯ ಹಾಗಿರುವ ರೋಗಾಣು ಮದ್ದು ಬಿದ್ದಾಗ ಹೊರಗಿನ ಗೋಡೆ ಕಳ್ಕೊಂಡು ಉರುಟು ಉಂಡೆಯಾಗ್ತದೆ ದೊಡ್ಡಮ್ಮ. ಸತ್ತ ಹಾಗೆ ಕಾಣ್ತದೆ, ಆದ್ರೆ ಎಲ್ಲ ಸಾಯುವುದಿಲ್ಲ. ನೀವು ಮದ್ದು ನಿಲ್ಲಿಸಿದ್ರೆ ಉಳಿದದ್ದು ಪುನಃ ಗೋಡೆ ಕಟ್ಟಿ, ಕಡ್ಡಿಯಾಗಿ, ಒಂದು ಎರಡಾಗ್ತದೆ."

"ಅಷ್ಟು ಬೇಗ ಗೋಡೆ ಕಟ್ತದಾ? ನಮ್ಮ ದನದ ಹಟ್ಟಿಯ ಗೋಡೆ ಬಿದ್ದು ವರ್ಷ ಆಯ್ತು, ಮೇಸ್ತ್ರಿಯ ಸುದ್ದಿಯೇ ಇಲ್ಲ ಮಾರಾಯ."

ನನಗೆ ನಗು ಬರಲಿಲ್ಲ. ಅವರದೇ ಮೂತ್ರದ ಸೋಂಕು ಮತ್ತೆ ಮತ್ತೆ ಮರಳುತ್ತಿತ್ತು, ಪ್ರತಿ ಸಲವೂ ಅರ್ಧ ಮದ್ದು. ಈ ಮಳೆಗಾಲದಲ್ಲಿ ಅದು ರಕ್ತಕ್ಕೇ ಏರಿತು. ಲ್ಯಾಬಿನಲ್ಲಿ ಅವರ ರಕ್ತದ ರೋಗಾಣು ಬೆಳೆಸಿದ ತಟ್ಟೆಯಲ್ಲಿ ಬೇರೆ ಬೇರೆ ಔಷಧಿಯ ಬಿಲ್ಲೆಗಳನ್ನಿಟ್ಟರೆ, ಅವುಗಳಿಗೆ ಅಂಟಿಕೊಂಡೇ ರೋಗಾಣು ಸೊಂಪಾಗಿ ಬೆಳೆದಿತ್ತು. ಒಂದೇ ಒಂದು ಬಿಲ್ಲೆಯ ಸುತ್ತ ಮಾತ್ರ ಸ್ವಲ್ಪ ಖಾಲಿ ಜಾಗ; ಆ ಮದ್ದಿಗಷ್ಟೇ ಅದು ಸ್ವಲ್ಪವಾದರೂ ಬಗ್ಗುತ್ತಿತ್ತು. ಸಿಟ್ಟು ನೆತ್ತಿಗೇರಿತು. ಚೀಟಿ ಇಲ್ಲದೆ ಮಾತ್ರೆ ಕೊಡುವ ಮೆಡಿಕಲಿನವರ ಮೇಲೆ, ಕೈಯೊಡ್ಡಿ ತಿಂದ ಊರಿನವರ ಮೇಲೆ, ಎಲ್ಲಕ್ಕಿಂತ ಹೆಚ್ಚು ಈ ಹೆಂಗಸಿನ ಮೇಲೆ. ಯಾರು ಹೇಳಿದ್ದರು ಇವರಿಗೆ ಇಷ್ಟು ಧರ್ಮ ಮಾಡಲು?

ಮಂಗಳೂರಿನ ಆಸ್ಪತ್ರೆಯಲ್ಲಿ ಆ ಒಂದೇ ಮದ್ದು ಡ್ರಿಪ್ಪಿನಲ್ಲಿ ಇಳಿಯುತ್ತಿತ್ತು. ಅದು ಹಿಡಿಯುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿರಲಿಲ್ಲ. ದೊಡ್ಡಮ್ಮ ಬಾಟಲಿಯನ್ನು ನೋಡಿದರು, ಆಮೇಲೆ ಪಕ್ಕದ ಹಾಸಿಗೆಯಲ್ಲಿ ನರಳುತ್ತಿದ್ದ ಹೆಂಗಸನ್ನು.

"ಅವಳಿಗೂ ಸ್ವಲ್ಪ…"

"ಇಲ್ಲ. ಇದು ಪೂರಾ ನಿಮಗೇ."

"ಪೂರಾವಾ?" ಅವರಿಗೆ ನಾಚಿಕೆಯಾದ ಹಾಗೆ ಕಂಡಿತು. "ಎಂತದ್ದನ್ನೂ ಪೂರಾ ನಾನೇ ತೆಕ್ಕೊಂಡು ಅಭ್ಯಾಸ ಇಲ್ಲ ಮಗಾ."

ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ತಂಗಿ-ತಮ್ಮಂದಿರಿಗೆ, ಅಂದರೆ ನನ್ನ ಅಮ್ಮನಿಗೂ ಮಾವಂದಿರಿಗೂ, ಮೊದಲು ಬಡಿಸಿ, ಗಂಜಿ ಉಳಿದರೆ ಮಾತ್ರ ಉಂಡು ಬೆಳೆದವರು ಅವರು. ನಾನು ಅವರ ಸುಡುವ ಕೈ ಹಿಡಿದುಕೊಂಡು, ಬಾಟಲಿ ಖಾಲಿಯಾಗುವ ತನಕ, ಪಕ್ಕದ ಹಾಸಿಗೆ ಅವರಿಗೆ ಕಾಣದಂತೆ ಅಡ್ಡ ಕುಳಿತೆ.