ಸೊಸೆ ಕಟ್ಟಿದ ಊರು, ಕೈಕೊಟ್ಟ ಕನೆಕ್ಷನ್ನು

ಇಂಟರ್‌ನೆಟ್ಟು ನಮ್ಮ ಕಡೆಯ ಕೆಲವು ನೆಂಟರಿದ್ದ ಹಾಗೆ. ಬೇಡದಾಗ ಗಟ್ಟಿಯಾಗಿ ಕೂತಿರುತ್ತದೆ, ಬೇಕಾದ ಗಳಿಗೆಗೆ ನಾಪತ್ತೆ. ಜಯನಗರದ ನಮ್ಮ ಮನೆಯಲ್ಲಿ ಭಾನುವಾರ ಬಂದರೆ ಇಂಥದ್ದೊಂದು ನಡೆಯದೆ ಇರುವುದಿಲ್ಲ. ನಾನು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವಳು, ನಡೆದದ್ದನ್ನು ಬರೆದಿಡುವುದು ಅಂದಿನಿಂದ ಬಂದ ಅಭ್ಯಾಸ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಅದರ ಕೆಳಗೆ ‘ಸರ್ವರ್ ನಿಂತಿತು, ಕಾರಣ ಇಂಥದು’.

ಸರ್ವರ್ ನನ್ನ ಸೊಸೆಯದು. ಅವಳೂ ಅವಳ ಐದು ಜನ ಕಾಲೇಜು ಗೆಳತಿಯರೂ ಸೇರಿ ಕಂಪ್ಯೂಟರಿನ ಆಟವೊಂದರಲ್ಲಿ ಒಂದು ಊರು ಕಟ್ಟುತ್ತಿದ್ದಾರೆ. ಪೇಟೆಬೀದಿ, ಮಂಟಪ, ತೋಟ, ಈಗ ಒಂದು ಕೆರೆ. ಆ ಊರು ಇರುವುದು ನಮ್ಮ ಹಾಲಿನ ಮೂಲೆಯ ಕಂಪ್ಯೂಟರಿನೊಳಗೆ. ಉಳಿದವರೆಲ್ಲ ಅವರವರ ಮನೆಯಿಂದ ಇಂಟರ್‌ನೆಟ್ಟಿನ ಮೂಲಕ ಇಲ್ಲಿಗೆ ಬಂದು ಸೇರಬೇಕು. ಆ ಕಂಪ್ಯೂಟರೇ ಸರ್ವರ್, ಹೀಗೆ ಊರನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೆ ಹೋಸ್ಟ್ ಮಾಡುವುದು ಅನ್ನುತ್ತಾರೆ. ಮಕ್ಕಳು, ಕೆಲಸ, ಅತ್ತೆಮನೆ ಅಂತ ಮುಖಾಮುಖಿ ಸಿಗದ ಹುಡುಗಿಯರು ವಾರಕ್ಕೊಮ್ಮೆ ಸಿಗುವ ಜಾಗ ಅದೊಂದೇ. ಅವರಲ್ಲಿ ಬಿಟಿಎಂ ಲೇಔಟಿನವಳು ಸ್ವಲ್ಪ ಬಾಯಿ ಜೋರು. ಎರಡು ಸಲ ಕನೆಕ್ಷನ್ ಹೋದದ್ದೇ ತಡ, ಫೋನಿನಲ್ಲಿ ಹೇಳಿಯೇಬಿಟ್ಟಳು: “ನೋಡು ಕಣೇ, ಹಿಂಗೇ ಆದ್ರೆ ಊರನ್ನ ಎತ್ಕೊಂಡು ಬಾಡಿಗೆ ಸರ್ವರ್‌ಗೆ ಹೋಗೋಣ. ಅಲ್ಲಿ ಯಾವತ್ತೂ ನಿಲ್ಲಲ್ವಂತೆ.”

ಸೊಸೆಯ ಮುಖ ಸಣ್ಣಗಾಯಿತು. ನನಗೂ ಚುರುಕ್ಕೆಂದಿತು. ನಮ್ಮ ಮನೆಗೆ ಬರುತ್ತಿದ್ದವರು ಬಾಡಿಗೆ ಜಾಗ ಹುಡುಕಿಕೊಂಡು ಹೋಗುವುದೆಂದರೇನು?

೧. ರೂಟರಿಗೆ ಕುಪ್ಪಸ

ಆಟ ಶುರುವಾಗಿ ಅರ್ಧ ಗಂಟೆ ಎಲ್ಲ ಸರಿಯಾಗಿರುತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ಹೊರಬೀಳುತ್ತಿದ್ದರು. ಮಗ ಬಂದು, “ಹೊಸ ರೂಟರ್ ತಗೊಂಡ್ರೆ ಮುಗೀತು” ಎಂದ. ಅವನು ಎಲ್ಲ ಕಾಯಿಲೆಗೂ ಹೇಳುವ ಮದ್ದು ಅದು.

ಸೊಸೆ ಹಾಗಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುತ್ತಾಳೆ. ಮೊದಲು ವೈಫೈ ಬಿಟ್ಟು ವೈರ್ ಹಾಕಿದಳು, ಫಲ ಸಿಗಲಿಲ್ಲ. ವೈರನ್ನೇ ಬದಲಾಯಿಸಿದಳು, ಆಗಲೂ ಇಲ್ಲ. ಬೇರೆ ಪ್ಲಗ್ಗಿಗೆ ಹಾಕಿದಳು. ಕಾಲೇಜಿನ ಲ್ಯಾಬಿನಲ್ಲಿ ನಾವು ಸಾಲ್ಟ್ ಅನಾಲಿಸಿಸ್ ಮಾಡುತ್ತಿದ್ದುದೂ ಹೀಗೆಯೇ. ಇದು ಅಲ್ಲ, ಇದೂ ಅಲ್ಲ ಎಂದು ಒಂದೊಂದನ್ನೇ ಬದಿಗಿಟ್ಟು ಕೊನೆಗೆ ಉಳಿದದ್ದನ್ನು ಹಿಡಿಯುವುದು. ನಾನು ಹೆಮ್ಮೆಯಿಂದ ನೋಡುತ್ತ ನಿಂತಿದ್ದೆ.

ಕೊನೆಗೆ ಅವಳು ರೂಟರಿನ ಮೇಲೆ ಕೈಯಿಟ್ಟಳು. ತಟ್ಟನೆ ಕೈ ತೆಗೆದಳು. ಆಮೇಲೆ ಬಹಳ ಮೆತ್ತಗೆ ಕೇಳಿದಳು, “ಅತ್ತೆ, ಇದಕ್ಕೆ ಕವರ್ ಹೊಲಿದಿದ್ದು ನೀವಾ?”

ನಾನೇ. ನಮ್ಮ ಮನೆಯಲ್ಲಿ ಮಿಕ್ಸಿಗೆ ಕವರ್ ಇದೆ, ಟಿವಿ ರಿಮೋಟಿಗೆ ಕವರ್ ಇದೆ, ಫ್ರಿಜ್ಜಿನ ಹಿಡಿಗೂ ಇದೆ. ಧೂಳು ಕೂರಬಾರದೆಂದು ರೂಟರಿಗೂ ಒಂದು ರೇಷ್ಮೆ ಕುಪ್ಪಸದ ಬಟ್ಟೆಯಲ್ಲಿ, ಒಳಗೆ ಲೈನಿಂಗ್ ಕೊಟ್ಟು, ಅಚ್ಚುಕಟ್ಟಾಗಿ ಹೊಲಿದಿದ್ದೆ. ಪಾಪ, ಅದು ಬೆವರಿ ಬೆವರಿ ಅರ್ಧ ಗಂಟೆಗೊಮ್ಮೆ ತಲೆಸುತ್ತಿ ಬೀಳುತ್ತಿತ್ತು.

“ತೆಗೆದುಬಿಡಮ್ಮ” ಎಂದೆ.

“ಬೇಡ ಅತ್ತೆ, ಕವರ್ ಚೆನ್ನಾಗಿದೆ. ಆಡುವಾಗ ಮಾತ್ರ ತೆಗಿಯೋಣ” ಎಂದಳು. ಅಷ್ಟು ದಿನದ ತಾಪತ್ರಯದ ಮೂಲ ನಾನೇ ಎಂದು ಗೊತ್ತಾದ ಮೇಲೂ ನನ್ನ ಹೊಲಿಗೆಯನ್ನು ಹೊಗಳಿದ ಸೊಸೆ! ಮಗ ಮಾತ್ರ, “ಅಮ್ಮ, ನನ್ನ ಲ್ಯಾಪ್‌ಟಾಪ್‌ಗೆ ಸ್ವೆಟರ್ ಏನಾದ್ರೂ ಹಾಕ್ತಿದೀಯಾ?” ಎಂದ.

೨. ಸೋಫಾದ ಮೇಲಿದ್ದೂ ಒಳಗೆ ಬರಲಾಗದವಳು

ಒಂದು ಭಾನುವಾರ ಬಿಳೇಕಹಳ್ಳಿಯ ಗೆಳತಿ ಲ್ಯಾಪ್‌ಟಾಪ್ ಸಮೇತ ಆಟೋದಲ್ಲಿ ನಮ್ಮ ಮನೆಗೇ ಬಂದಳು. ಅವರ ಬೀದಿಯಲ್ಲಿ ಅಂದು ಕರೆಂಟಿರಲಿಲ್ಲ. ಸರ್ವರ್ ಪಕ್ಕದಲ್ಲೇ ಕೂತರೆ ಇನ್ನು ತೊಂದರೆ ಯಾವುದು?

ಆಟದೊಳಗೆ ಬಿಟಿಎಂನವಳು ಬಂದಳು, ಜೆ.ಪಿ. ನಗರದವಳು ಬಂದಳು, ಮೈಸೂರಿನವಳೂ ಬಂದಳು. ಮೂರಡಿ ದೂರದ ಸೋಫಾದ ಮೇಲೆ ಕೂತವಳಿಗೆ ಮಾತ್ರ ಒಳಗೆ ಹೋಗಲಾಗುತ್ತಿಲ್ಲ! “ಏನೇ, ನನ್ನನ್ನ ಬ್ಲಾಕ್ ಮಾಡಿದೀಯಾ?” ಎಂದು ಅವಳಿಗೆ ಸಿಟ್ಟು. ನಾನು ಕೊಟ್ಟ ಕಾಫಿಯನ್ನೂ ಕುಡಿಯದೆ ಕೂತಳು.

ಸೊಸೆ ಒಂದು ನಿಮಿಷ ಯೋಚಿಸಿ ನಕ್ಕಳು. “ನಿನ್ನ ಹತ್ರ ಇರೋದು ಹೊರಗಿನವರಿಗೆ ಕೊಟ್ಟ ಅಡ್ರೆಸ್ಸು. ನೀನೀಗ ಒಳಗಿದೀಯ. ಅದನ್ನ ಹಿಡ್ಕೊಂಡು ಹೋದ್ರೆ ರೂಟರ್ ನಿನ್ನನ್ನ ಬೀದಿಗೆ ಕಳಿಸಿ ಮತ್ತೆ ಒಳಗೆ ಕರೀಬೇಕು. ನಮ್ಮದಕ್ಕೆ ಅಷ್ಟು ತಾಳ್ಮೆ ಇಲ್ಲ. ತಗೋ, ಒಳಗಿನ ಅಡ್ರೆಸ್ಸು.”

ಬರೆದುಕೊಟ್ಟದ್ದೇ ತಡ, ಅವಳು ಊರಿನೊಳಗಿದ್ದಳು. ಇಂಥ ವಿಷಯವನ್ನು ಹತ್ತು ಪುಟ ಓದಿದರೂ ಅರ್ಥವಾಗದವರಿದ್ದಾರೆ. ಇವಳು ಒಂದು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ತಿಳಿಸಿದಳು.

“ಅಲ್ಲಮ್ಮ,” ಎಂದೆ ಬಿಳೇಕಹಳ್ಳಿಯವಳಿಗೆ, “ಹಾಲಿನಿಂದ ಅಡುಗೆಮನೆಗೆ ಬರೋಕೆ ನೀನು ಮತ್ತೆ ಆಟೋ ಹುಡುಕ್ತಿದ್ಯಲ್ಲ!”

ಆಗ ಕಾಫಿ ಕುಡಿದಳು.

೩. ಮನೇಲಿ ಸಾರ್ ಇದಾರಾ?

ಮಾರನೆಯ ವಾರ ಯಾರಿಗೂ ಆಟದ ಊರಿನೊಳಗೆ ಬರಲಾಗಲಿಲ್ಲ. ಬಿಟಿಎಂನವಳು ಬಾಡಿಗೆ ಸರ್ವರಿನ ದರಪಟ್ಟಿಯನ್ನೇ ಗ್ರೂಪಿಗೆ ಕಳಿಸಿದಳು. ಸೊಸೆ ಸೀದಾ ಇಂಟರ್‌ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

“ಮೇಡಂ, ಒಂದ್ಸಲ ರೀಸ್ಟಾರ್ಟ್ ಮಾಡಿ.”

“ಮಾಡಿದೀನಿ.”

“ಇನ್ನೊಂದ್ಸಲ ಮಾಡಿ ಮೇಡಂ.”

“ಅದನ್ನೂ ಮಾಡಿದೀನಿ.”

ಆ ಕಡೆಯವನು, “ಮನೇಲಿ ಸಾರ್ ಇದಾರಾ ಮೇಡಂ?” ಎಂದ.

“ಇದಾರೆ. ಅವರಿಗೆ ವೈಫೈ ಪಾಸ್‌ವರ್ಡೂ ಗೊತ್ತಿಲ್ಲ. ಕೊಡ್ಲಾ?”

ಪೇಪರ್ ಓದುತ್ತಿದ್ದ ಮಗ ಪೇಪರನ್ನು ಇನ್ನಷ್ಟು ಮೇಲಕ್ಕೆ ಹಿಡಿದ.

ಆಮೇಲೆ ಸೊಸೆ ಧ್ವನಿ ಏರಿಸದೆ ಬಿಡಿಸಿಟ್ಟಳು. “ನನ್ನ ರೂಟರ್ ತೋರಿಸೋ ಅಡ್ರೆಸ್ಸೇ ಬೇರೆ, ಹೊರಗಿನ ಲೋಕಕ್ಕೆ ಕಾಣ್ತಿರೋ ಅಡ್ರೆಸ್ಸೇ ಬೇರೆ. ಅಂದ್ರೆ ನೀವು ಈ ವಾರ ನಮ್ಮ ಬೀದಿಯ ಮನೆಗಳನ್ನೆಲ್ಲ ಒಂದೇ ಅಡ್ರೆಸ್ಸಿನ ಹಿಂದೆ ಹಾಕಿದೀರ. ನನ್ನ ಗೆಳತೀರು ಬಂದು ಕದ ತಟ್ಟಿದ್ರೆ ಯಾರ ಮನೆ ಅಂತ ಗೊತ್ತಾಗ್ತಿಲ್ಲ. ನನಗೆ ನನ್ನದೇ ಅಡ್ರೆಸ್ ವಾಪಸ್ ಕೊಡಿ.”

ಆ ಕಡೆ ಕೀಬೋರ್ಡಿನ ಸದ್ದು. ಆಮೇಲೆ, “ಸರಿ ಮೇಡಂ, ಸಂಜೆಯೊಳಗೆ ಆಗುತ್ತೆ” ಎಂದ. ಧ್ವನಿಯಲ್ಲಿ ಗೌರವ ಬಂದಿತ್ತು. “ಮೇಡಂ, ನೀವು ಯಾವ ಸಾಫ್ಟ್‌ವೇರ್ ಕಂಪನೀಲಿ ಇರೋದು?”

“ನಾನು ಹಲ್ಲಿನ ಡಾಕ್ಟರು.”

ರೋಗಿ ನೋವೆಂದು ತೋರಿಸಿದ ಹಲ್ಲನ್ನೇ ಕೀಳಬಾರದು, ಕೆಟ್ಟಿರುವುದು ಬೇರೆಯದಿರಬಹುದು ಅನ್ನುವುದು ಅವಳು ಕಲಿತ ಮೊದಲ ಪಾಠವಂತೆ. ಹಾಗೆಂದು ಅವನಿಗೂ ಹೇಳಿದಳು. ಅವನು ಫೋನ್ ಇಡಲಿಲ್ಲ. “ಹಾಗಾದ್ರೆ ಮೇಡಂ, ನನಗೊಂದು ದವಡೆ ಹಲ್ಲು...” ಎಂದು ಶುರು ಮಾಡಿದ.

“ಮೊದಲು ಒಂದ್ಸಲ ಬ್ರಷ್ ಮಾಡಿ. ಆಮೇಲೆ ಇನ್ನೊಂದ್ಸಲ ಮಾಡಿ” ಎಂದಳು ನನ್ನ ಸೊಸೆ.

೪. ಪೂಜೆಗೆ ಕೂತ ಸರ್ವರ್

ಆಯುಧಪೂಜೆಯ ದಿನ ಎಲ್ಲರಿಗೂ ರಜೆ. ಆಟದ ಊರಿನ ಕೆರೆಗೆ ಅಂದು ಸಂಜೆ ನೀರು ಬಿಡುವುದೆಂದು ನಿಶ್ಚಯವಾಗಿತ್ತು. ಅಂದೂ ತಪ್ಪಿದರೆ ಊರು ಬಾಡಿಗೆ ಸರ್ವರಿಗೆ ಹೋಗುವುದೆಂದೂ ನಿಶ್ಚಯವಾಗಿತ್ತು.

ಇದ್ಯಾವುದನ್ನೂ ನನಗೆ ಯಾರೂ ಹೇಳಿರಲಿಲ್ಲ. ನಾನು ಬೆಳಿಗ್ಗೆಯೇ ಎದ್ದು ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ ಎಲ್ಲ ತೊಳೆದು ಒರೆಸಿ, ಜೊತೆಗೆ ಕಂಪ್ಯೂಟರನ್ನೂ ರೂಟರನ್ನೂ ವೈರು ಬಿಚ್ಚಿ ಮಣೆಯ ಮೇಲಿಟ್ಟು, ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ ಮಂಗಳಾರತಿ ಮಾಡಿದ್ದೆ. ನಮ್ಮ ಮನೆಯ ಪದ್ಧತಿ ಗಟ್ಟಿ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಡುತ್ತೇವೆ.

ಸಂಜೆ ಬಿಟಿಎಂನವಳ ವಿಡಿಯೊ ಕಾಲ್ ಬಂತು. “ಏನೇ, ಮತ್ತೆ ಡೌನಾ? ಏನಾಗಿದೆ ಸರ್ವರ್‌ಗೆ?”

ಸುಳ್ಳು ಹೇಳದ ಸೊಸೆ, “ಪೂಜೆಗೆ ಕೂತಿದೆ ಕಣೇ” ಎಂದಳು.

ಅವಳು ಉಳಿದವರನ್ನೂ ಕಾಲಿಗೆ ಸೇರಿಸಿಕೊಂಡಳು.

ಮಗ, “ಅಮ್ಮ, ಸುಮ್ನೆ ಆನ್ ಮಾಡು, ದೇವ್ರು ಏನೂ ಅನ್ಕೊಳಲ್ಲ” ಎಂದ. ನಾನು ಜಗ್ಗಲಿಲ್ಲ. ಸೊಸೆ ಮಣೆಯ ಮುಂದೆ ಕೂತು ನೋಡುತ್ತಿದ್ದಳು. ಕೆಟ್ಟದ್ದು ಎಲ್ಲಿ ಎಂದು ಹುಡುಕುವಾಗ ಅವಳು ಹಾಗೇ ಕೂರುವುದು.

“ಅತ್ತೆ, ಸ್ಕೂಟರ್‌ಗೂ ಪೂಜೆ ಆಯ್ತಲ್ಲ? ಆದ್ರೆ ಮಾವ ಅದರಲ್ಲೇ ಹೋಗಿ ಬಾಳೆಹಣ್ಣು ತಂದ್ರು.”

“ವಾಹನದ ಪದ್ಧತಿ ಬೇರೆ. ಪೂಜೆ ಆದ್ಮೇಲೆ ನಿಂಬೆಹಣ್ಣು ಹತ್ತಿಸಿ ಒಂದು ಸುತ್ತು ಹೋಗಿ ಬರ್ಲೇಬೇಕು.”

“ವಾಹನ ಅಂದ್ರೆ ಯಾವುದು ಅತ್ತೆ?”

“ಜನರನ್ನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರ್ಕೊಂಡು ಹೋಗೋದು.”

“ಸ್ಕೂಟರ್ ಇಬ್ಬರನ್ನ ಕರ್ಕೊಂಡು ಹೋಗುತ್ತೆ. ಇದು ಪ್ರತಿ ಭಾನುವಾರ ಆರು ಜನರನ್ನ ಒಂದೂರಿಗೆ ಕರ್ಕೊಂಡು ಹೋಗುತ್ತೆ.”

ನಾನು ವಿಜ್ಞಾನ ಓದಿದವಳು. ಗುಣಲಕ್ಷಣ ಹೊಂದಿದ ಮೇಲೆ ವರ್ಗ ಬದಲಾಯಿಸಲೇಬೇಕು. “ಹಾಗಾದ್ರೆ ಇದು ವಾಹನ” ಎಂದೆ. “ಆದ್ರೆ ವಾಹನ ಅಂದ್ಮೇಲೆ ನಿಂಬೆಹಣ್ಣು ಬಿಡೋ ಹಾಗಿಲ್ಲ.”

ಕಂಪ್ಯೂಟರಿಗೆ ಚಕ್ರವೆಲ್ಲಿ? ನಮ್ಮ ಯಜಮಾನರು ಮಗನ ತಿರುಗು ಕುರ್ಚಿಯನ್ನು ಎಳೆದು ತಂದರು. ಅದರ ಮೇಲೆ ಕಂಪ್ಯೂಟರ್, ಅದರ ತಲೆಯ ಮೇಲೆ ರೂಟರ್. ಕುರ್ಚಿಗೆ ಐದು ಚಕ್ರ. ನಾಲ್ಕು ನಿಂಬೆಹಣ್ಣು ಸಾಲದೆ ಚಿತ್ರಾನ್ನಕ್ಕೆ ಇಟ್ಟಿದ್ದನ್ನೂ ತಂದೆ. ಮಗ ತಳ್ಳಿದ. ಪಚ್ ಪಚ್ ಎಂದು ಐದೂ ಅಪ್ಪಚ್ಚಿ. ಹಾಲಿನಿಂದ ಊಟದ ಮೇಜಿನವರೆಗೆ ಹೋಗಿ ವಾಪಸ್ ಬಂತು ಸವಾರಿ. ಯಜಮಾನರು ಬಾಗಿಲಲ್ಲಿ ಬೂದುಗುಂಬಳ ಒಡೆದರು. ಇದಿಷ್ಟನ್ನೂ ಗೆಳತಿಯರು ಫೋನಿನಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ವೈರು ಸಿಕ್ಕಿಸಿದ್ದೇ ತಡ, ಎಲ್ಲರೂ ಒಳಗೆ ಬಂದರು. ಕೆರೆಗೆ ನೀರು ಬಿಟ್ಟರು. ಪರದೆಯ ಮೇಲೆ ನೀಲಿ ನೀರು ತೂಬಿನಿಂದ ನುಗ್ಗಿ ಏರಿಯವರೆಗೆ ತುಂಬುವುದನ್ನು ನಾನೂ ನೋಡಿದೆ. ಸೊಸೆಯ ಕಣ್ಣೂ ತುಂಬಿತ್ತು. ಕೊನೆಯವರೆಗೆ ಒಬ್ಬರೂ ಹೊರಬೀಳಲಿಲ್ಲ.

ಆಟ ಮುಗಿದ ಮೇಲೆ ಬಿಟಿಎಂನವಳು ನನ್ನನ್ನು ಕರೆದಳು. ನಾನು ಎದೆ ಗಟ್ಟಿ ಮಾಡಿಕೊಂಡೇ ಫೋನ್ ಹಿಡಿದೆ.

“ಆಂಟಿ, ಬಾಡಿಗೆ ಸರ್ವರ್‌ನವ್ರಿಗೆ ಈಗ ತಾನೇ ಮೆಸೇಜ್ ಮಾಡಿ ಕೇಳಿದೆ, ನಿಮ್ಮಲ್ಲಿ ವರ್ಷಕ್ಕೊಂದ್ಸಲ ಸರ್ವರನ್ನ ನಿಂಬೆಹಣ್ಣು ಹತ್ತಿಸ್ತೀರಾ ಅಂತ. ಅಂಥ ಸೌಲಭ್ಯ ಇಲ್ವಂತೆ. ಇಷ್ಟು ಬೇಜವಾಬ್ದಾರಿ ಜನರ ಕೈಗೆ ನಮ್ಮ ಊರನ್ನ ಹೇಗೆ ಆಂಟಿ ಕೊಡೋದು?”