ಮಾವನವರು ಹಿಂಡಿದ ಲೋಹ

ಎಳೆದರೆ ಹರಿಯುವುದು ಲೋಕದ ನಿಯಮ. ಚಪ್ಪಲಿಯ ಉಂಗುಷ್ಠವಾಗಲಿ, ಹೆಂಡತಿಯ ತಾಳ್ಮೆಯಾಗಲಿ ಇದಕ್ಕೆ ಹೊರತಲ್ಲ. ಎಳೆದರೂ ಹರಿಯದ ತಂತಿ ಮಾಡುತ್ತೇನೆಂದು ಹೊರಟ ನನಗೆ ಇಷ್ಟಾದರೂ ತಿಳಿದಿರಬೇಕಿತ್ತು.

ನಾನು ಚಿನ್ನದ ಗಣಿಯಿದ್ದ ಉರಿಗಾಂನ ಕಾಲೇಜೊಂದರಲ್ಲಿ ಮೇಷ್ಟ್ರು. ಮನೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ರಬ್ಬರ್ ಕೊಳವೆಯೊಳಗೆ ದ್ರವಲೋಹ ತುಂಬಿದರೆ ಅದೇ ನನ್ನ ತಂತಿ. ಎಷ್ಟು ಎಳೆದರೂ ಲೋಹ ಒಳಗೇ ನೀರಿನಂತೆ ಹೊಂದಿಕೊಳ್ಳುತ್ತದೆ, ಕರೆಂಟು ನಿಲ್ಲುವುದಿಲ್ಲ. ಅದನ್ನು ಪಟ್ಟಿ ಮಾಡಿ ಹಸುವಿನ ದವಡೆಗೆ ಕಟ್ಟಿದರೆ, ಮೆಲುಕು ಹಾಕುತ್ತಿದೆಯೋ ಇಲ್ಲವೋ ಎಂದು ಮೊಬೈಲು ಹೇಳುತ್ತದೆ. "ಅಸೂನ ತಿರುಗಿ ನೋಡಿದ್ರೆ ಗೊತ್ತಾಗಲ್ವೇನ್ರೀ?" ಎಂದಳು ನನ್ನ ಹೆಂಡತಿ ಜಯಮ್ಮ. ವಿಜ್ಞಾನ ತಿಳಿಯದವರ ಮಾತೆಂದು ತಳ್ಳಿಹಾಕಿದೆ. ಸೋಮವಾರ ಕಾಲೇಜಿಗೆ ಬರುವ ತಜ್ಞರ ಮುಂದೆ ಪಟ್ಟಿ ಕೆಲಸ ಮಾಡದಿದ್ದರೆ ನನ್ನ ಪ್ರಾಜೆಕ್ಟಿಗೆ ಎಳ್ಳುನೀರು. ಕೊಳವೆಗೆ ಇನ್ನೂ ತುಂಬಿರಲಿಲ್ಲ, ಇದ್ದಬದ್ದ ಲೋಹವೆಲ್ಲ ಮನೆಯಲ್ಲಿ ಒಂದೇ ಶೀಶೆಯಲ್ಲಿತ್ತು.

ಅಷ್ಟರಲ್ಲಿ ಚಾಂಪಿಯನ್ ರೀಫ್ಸ್‌ನಿಂದ ಮಾವನವರು ಬಂದರು. ಅಲ್ಲಿನ ಚಿನ್ನದ ಗಣಿಯ ಮಿಲ್ಲಿನಲ್ಲಿ ದುಡಿದವರು. ಅಲ್ಲಿ ಪಾದರಸಕ್ಕೆ ಚಿನ್ನ ಅಂಟಿಸಿ, ಬಟ್ಟೆಯಲ್ಲಿ ಹಿಂಡಿ, ಉಳಿದ ಚಿನ್ನದ ಮುದ್ದೆ ತೆಗೆಯುತ್ತಿದ್ದರಂತೆ. ಶೀಶೆಯಲ್ಲಿ ಬೆಳ್ಳಗೆ ಹೊಳೆಯುವುದನ್ನು ಕಂಡದ್ದೇ ತಡ, ಅದು ಪಾದರಸವೇ, ಅಳಿಯ ಗಣಿಯವರು ಸುರಿದ ಸೈನೈಡ್ ದಿಬ್ಬದ ಮಣ್ಣಿನಿಂದ ಗುಟ್ಟಾಗಿ ಚಿನ್ನ ತೆಗೆಯುತ್ತಿದ್ದಾನೆಂದು ತೀರ್ಮಾನಿಸಿಬಿಟ್ಟರು. ಭಾನುವಾರ ನಾನು ಮನೆಯಲ್ಲಿಲ್ಲದಾಗ ಲೋಹವನ್ನೆಲ್ಲ ಟವೆಲಿಗೆ ಸುರಿದು, ಜಯಮ್ಮನ ಹಾಲಿನ ಕ್ಯಾನಿನ ಅಲ್ಯೂಮಿನಿಯಂ ಮುಚ್ಚಳದೊಳಕ್ಕೆ ಶ್ರದ್ಧೆಯಿಂದ ಹಿಂಡಿದರು. ಟವೆಲಿನಲ್ಲಿ ಚಿನ್ನದ ಚೂರೂ ಉಳಿಯಲಿಲ್ಲ. ನನ್ನ ಲೋಹ ಅಲ್ಯೂಮಿನಿಯಮ್ಮಿನ ಒಳಹೊಕ್ಕರೆ ಅದನ್ನು ಪುಡಿಪುಡಿ ಮಾಡುತ್ತದೆ. ಜಯಮ್ಮನೋ ದಿನಾ ಬೂದಿ ಹಾಕಿ ಉಜ್ಜಿ ಉಜ್ಜಿ, ಮೇಲಿನ ಕಾಪಿನ ಪದರ ಸವೆಸಿ, ದಾರಿ ಮಾಡಿಕೊಟ್ಟಿದ್ದಳು.

ಸೋಮವಾರ ಬೆಳಿಗ್ಗೆ ಕೂಗೆದ್ದಿತು. "ರೀ, ಮುಚ್ಚಳ ಅಪ್ಪಳದಂಗೆ ಮುರೀತೈತಲ್ರೀ! ಡೇರಿ ಗಾಡಿ ಬಂದೈತೆ, ಆಲಿಗೆ ಏನ್ ಮುಚ್ಲಿ, ನಿಮ್ಮ ಮೊಬೈಲಾ?"

ಖಾಲಿ ಶೀಶೆಯನ್ನೂ ಹಿಂಡಿದ ಟವೆಲನ್ನೂ ಕಂಡು ನನಗೆ ನಡೆದದ್ದೆಲ್ಲ ತಿಳಿಯಿತು. "ಮಾವಾ, ಅದು ಪಾದರಸ ಅಲ್ಲ! ಅದ್ರಾಗೆ ಚಿನ್ನಾನೂ ಇಲ್ಲ!" ಎಂದು ಕಿರುಚಿದೆ.

ಮಾವನವರು ಜಗ್ಗಲಿಲ್ಲ. ಹತ್ತಿರ ಬಂದು ಪಿಸುಗುಟ್ಟಿದರು: "ಗೊತ್ತಾಯ್ತು ಬಿಡಿ ಅಳಿಯಂದ್ರೇ. ಚಿನ್ನಾನ ಮೊದ್ಲೇ ಇಂಡ್ಕೊಂಡ್ಬಿಟ್ಟಿದೀರ. ಎಲ್ಲಿಕ್ಕಿದೀರ, ನಂತಾವ ಆದ್ರೂ ಏಳಿ."

ತಜ್ಞರು ಖಾಲಿ ಕೊಳವೆ ನೋಡಿ ಹೋದರು, ಪ್ರಾಜೆಕ್ಟು ಮುಚ್ಚಿತು. ಆದರೆ ಮದುವೆಯಾದಂದಿನಿಂದ "ಪಾಪ, ಮೇಷ್ಟ್ರು" ಎನ್ನುತ್ತಿದ್ದ ಮಾವನವರು ಈಗ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಅವರ ಮನೆಗೆ ಹೋದಾಗಲೆಲ್ಲ ನಾಟಿ ಕೋಳಿ ಸಾರು. ಚಿನ್ನವಿಲ್ಲವೆಂದು ಇನ್ನೊಮ್ಮೆ ಬಿಡಿಸಿ ಹೇಳೋಣವೆಂದು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ತೊಡೆಯ ತುಂಡು ನನ್ನ ತಟ್ಟೆಗೆ ಬೀಳುತ್ತದೆ. ಊಟ ಮಾಡುವಾಗ ಮಾತಾಡಬಾರದೆಂದು ಚಿಕ್ಕಂದಿನಲ್ಲೇ ನಮ್ಮ ಮನೆಯ ಹಿರಿಯರು ನನಗೆ ಹೇಳಿಕೊಟ್ಟಿದ್ದಾರೆ.