ಐದನೆಯ ಮೂಗು

ಬೇರೆಯವರಿಗೆ ಜ್ವರ ಬಂದರೆ ನನಗೆ ಖುಷಿಯಾಗುತ್ತದೆ. ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ನನ್ನ ಅನ್ನವೇ ಅದು. ಲಗ್ಗೆರೆಯ ಒಂದು ಆಸ್ಪತ್ರೆಯಲ್ಲಿ ಕೂತು, ಜ್ವರ ಕೆಮ್ಮು ಎರಡೂ ಇರುವವರನ್ನು ಹುಡುಕಿ, ವಾರಕ್ಕೆ ಐದು ಜನರ ಮೂಗಿಗೆ ಕಡ್ಡಿ ಹಾಕಿಸಿ, ಆ ಕಡ್ಡಿಗಳನ್ನು ಶುಕ್ರವಾರ ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸುವುದು ನನ್ನ ಕೆಲಸ. ದೇಶದಲ್ಲಿ ಯಾವ ಫ್ಲೂ ಓಡಾಡುತ್ತಿದೆ ಎಂಬುದು ಇಂಥ ಡಬ್ಬಿಗಳಿಂದಲೇ ತಿಳಿಯುತ್ತದಂತೆ. ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಿದಾಗ, "ಅಂದ್ರೆ ಊರೋರ ಸಿಂಬಳ ಕಾಯೋ ಕೆಲಸ ಅನ್ನಿ" ಎಂದು ಒಗ್ಗರಣೆ ಹಾಕಲು ಹೋದಳು.

ತೊಂದರೆಯೆಂದರೆ, ಕಡ್ಡಿ ಕಂಡ ಕೂಡಲೇ ಪಕ್ಕದ ಪೀಣ್ಯದ ಕಾರ್ಖಾನೆಗಳಿಂದ ಬರುವ ಕೆಮ್ಮೆಲ್ಲ ಮಾಯ. ಎರಡು ವಾರ ಐದರ ಲೆಕ್ಕ ತಪ್ಪಿತ್ತು. ಮೂರನೆಯ ವಾರವೂ ತಪ್ಪಿದರೆ ನಮ್ಮ ಕೇಂದ್ರವನ್ನೇ ಪಟ್ಟಿಯಿಂದ ತೆಗೆಯುತ್ತೇವೆ ಎಂದು ಮೇಲಿನವರು ಬರೆದಿದ್ದರು. ಕೇಂದ್ರ ಹೋದರೆ ಗುತ್ತಿಗೆಯ ನಾನೂ ಹೋದಂತೆ.

ಆ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮೂಗು ಆಗಿತ್ತು, ಇನ್ನೊಂದು ಬೇಕಿತ್ತು. ಆಗ ಬಂದವನು ಶರಣಪ್ಪ, ಯಾದಗಿರಿ ಕಡೆಯವನು, ಲೇತ್ ಕೆಲಸ. ಜ್ವರ, ಕೆಮ್ಮು ಎರಡೂ ಭರ್ಜರಿ. ನಾನು ಬೀಗರನ್ನು ಕರೆದಂತೆ ಕರೆದು ಕೂರಿಸಿದೆ.

"ಕಡ್ಡಿ ಹಾಕಿದ್ದು ಗೊತ್ತಾದ್ರ ರೂಮಿನ ಮಂದಿ ಒಳಗ ಬಿಟ್ಕೊಳ್ಳಂಗಿಲ್ರಿ ಸರ."

ಹೆಸರು ಹೊರಗೆ ಹೋಗುವುದಿಲ್ಲ, ನೋವಾಗುವುದಿಲ್ಲ, ಇದು ದೇಶಸೇವೆ ಎಂದೆಲ್ಲ ಭಾಷಣ ಬಿಗಿದೆ. ಅವನು ಸಮಾಧಾನವಾಗಿ, "ನೋವಾಗಂಗಿಲ್ಲಂದ್ರ ಮೊದಲ ನೀವು ಹಾಕಿಸ್ಕೊಂಡು ತೋರಸ್ರಿ" ಎಂದ. ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಇಷ್ಟು ವರ್ಷದಲ್ಲಿ ಆ ಕಡ್ಡಿಯನ್ನು ನಾನು ಒಮ್ಮೆಯೂ ಹಾಕಿಸಿಕೊಂಡವನಲ್ಲ. ಮಾನ ಹೋಗುವುದಕ್ಕಿಂತ ಮೂಗು ಹೋಗಲಿ ಎಂದು ಕೂತೆ.

ನರ್ಸ್ ಲತಾ ಕಟ್ಟುನಿಟ್ಟಿನ ಹೆಂಗಸು. "ರೂಲ್ಸ್ ರೂಲ್ಸೇ ಸಾರ್, ಮೊದ್ಲು ಟೆಂಪರೇಚರ್" ಎಂದು ಥರ್ಮಾಮೀಟರ್ ಇಟ್ಟಳು. ನೋಡಿ, ಎಲ್ಲರಿಗೂ ಕೇಳುವಂತೆ, "ನೂರಾ ಒಂದು" ಎಂದಳು.

"ಬಿಸಿಲಿಗೆ ಇರ್ಬೇಕು" ಎನ್ನಹೋದೆ, ಕೆಮ್ಮು ಬಂತು. ಕಡ್ಡಿ ಒಳಗೆ ಹೋದಾಗ ಲತಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಗಳಗಳನೆ ಕಣ್ಣೀರು ಸುರಿಸಿದೆ. ನಾನೇ ಐದನೆಯವನಾದೆ.

"ಎಷ್ಟು ದಿನದಿಂದ ಸಾರ್?" ಲತಾ ನನ್ನ ಹೆಸರಿಗೆ ಫಾರ್ಮ್ ತುಂಬತೊಡಗಿದಳು.

"ಇವತ್ತಿಂದ."

"ಸುಳ್ಳರಿ ಅಕ್ಕಾ," ಎಂದ ಶರಣಪ್ಪ. "ಸೋಮವಾರ ನಾ ಬೆರಳಿಗೆ ಪಟ್ಟಿ ಕಟ್ಟಿಸ್ಕೊಳ್ಳಾಕ ಬಂದಾಗ ಇವ್ರು ನನ್ನ ಮಾರಿ ಮ್ಯಾಗ ಕೆಮ್ಮಾಕತ್ತಿದ್ರು. ಅವತ್ತು ನನಗೇನೂ ಇರಲಿಲ್ಲ."

ಪಾಪ, ಅವನೂ ಮೂಗು ಒಡ್ಡಿದ, ಕಮಕ್ ಕಿಮಕ್ ಎನ್ನಲಿಲ್ಲ.

ಇಬ್ಬರದೂ ಒಂದೇ ಫ್ಲೂ ಎಂದು ವರದಿ ಬಂತು. ಜೊತೆಗೆ ಮೇಲಿನವರ ಪತ್ರ: ನಿಮ್ಮ ಭಾಗದಲ್ಲಿ ಫ್ಲೂ ಹರಡುತ್ತಿರುವುದನ್ನು ಸಕಾಲದಲ್ಲಿ ಪತ್ತೆ ಮಾಡಿದ್ದೀರಿ, ಅಭಿನಂದನೆಗಳು. ಹರಡಿದವನೂ ನಾನೇ ಎಂದು ಉತ್ತರ ಬರೆಯುವಷ್ಟು ಪ್ರಾಮಾಣಿಕ ನಾನಲ್ಲ. ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ.